ಅಂಗೈಯಗಲದ ಡಬ್ಬಿಯ ರಿಪೇರಿ

ಮನೆಯಲ್ಲೊಂದು ಯಂತ್ರ ಕೆಟ್ಟರೆ ನಮ್ಮ ಕಡೆ ಸಾಮಾನ್ಯವಾಗಿ ಎರಡು ಕೆಲಸ ನಡೆಯುತ್ತವೆ. ಒಂದು, ಅದರ ತಲೆಗೆ ನಾಲ್ಕು ತಟ್ಟುವುದು. ಇನ್ನೊಂದು, ಅದನ್ನು ಅಟ್ಟಕ್ಕೆ ಹಾಕಿ ಹೊಸದು ತರುವುದು. ಮೂರನೆಯ ದಾರಿಯೂ ಇದೆ. ಕೂತು, ತಾಳ್ಮೆಯಿಂದ, ದೋಷ ಎಲ್ಲಿದೆಯೆಂದು ಹುಡುಕುವುದು. ಆ ದಾರಿಯನ್ನು ನಮಗೆ ತೋರಿಸಿಕೊಟ್ಟದ್ದು ಅಂಗೈಯಗಲದ ಒಂದು ಡಬ್ಬಿ.

ನಾವು ಇರುವುದು ಬೀದರದಲ್ಲಿ, ಆಪಾ ಭಾಲ್ಕಿಯಲ್ಲಿ, ಅಬ್ಬಾ ಔರಾದಿನ ಹಳೆಯ ಮನೆಯಲ್ಲಿ. ಅಮ್ಮಿ ತೀರಿಕೊಂಡ ಮೇಲೂ ಅಬ್ಬಾ ಆ ಮನೆ ಬಿಟ್ಟು ಬರಲೊಪ್ಪಲಿಲ್ಲ. 1996ರಲ್ಲಿ ನಡೆದ ಆಪಾಳ ನಿಕಾಹ್‌ನ ವಿಡಿಯೋ ಕ್ಯಾಸೆಟ್ ಒಂದಿತ್ತು. ಅಮ್ಮಿ ನಡೆದಾಡುವುದು, ನಗುವುದು, ಅಡುಗೆಯವರನ್ನು ಗದರಿಸುವುದು ಉಳಿದಿದ್ದದ್ದು ಅದರಲ್ಲಿ ಮಾತ್ರ. ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡ ಕೆಲವೇ ತಿಂಗಳಲ್ಲಿ ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯಿತು. ಹೀಗಾಗಿ ಹಾರ್ಡ್ ಡಿಸ್ಕ್‌ನಲ್ಲಿದ್ದ ಆ ಒಂದು ಪ್ರತಿಯೇ ನಮ್ಮ ಆಸ್ತಿಯಾಯಿತು.

ಅಬ್ಬಾ ಮನೆಯಲ್ಲಿ ಇಂಟರ್‌ನೆಟ್ ಇಲ್ಲ. ಆದ್ದರಿಂದ 2019ರ ಬೇಸಿಗೆಯಲ್ಲಿ ರಾಸ್‌ಬೆರಿ ಪೈ 3 ಎಂಬ ಪುಟ್ಟ ಕಂಪ್ಯೂಟರಿಗೆ ಲಿಬ್ರೆಎಲೆಕ್ ಹಾಕಿ, ಅದರಲ್ಲಿ ಕೋಡಿ ಓಡುವಂತೆ ಮಾಡಿ ಟಿವಿಗೆ ಜೋಡಿಸಿದೆವು. ಕೋಡಿ ಎಂದರೆ ನಮಗೆ ಕೆರೆಯ ಕೋಡಿಯೇ ನೆನಪಾಗುತ್ತದೆ. ಇದು ಸಿನಿಮಾ, ಹಾಡು, ಫೋಟೋಗಳನ್ನು ತೋರಿಸುವ ಉಚಿತ ತಂತ್ರಾಂಶ. 2014ರವರೆಗೆ ಇದರ ಹೆಸರು ಎಕ್ಸ್‌ಬಿಎಂಸಿ ಎಂದಿತ್ತು. ಟಿವಿಯ ರಿಮೋಟಿನಿಂದಲೇ ಇದೂ ನಡೆಯುತ್ತದೆ, ಬೇರೆ ರಿಮೋಟು ಬೇಡ. ಅಬ್ಬಾಗೆ ಬೇಕಾಗಿದ್ದದ್ದೂ ಇಷ್ಟೇ.

ಎರಡು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಫೋನ್ ಬಂತು. "ಬೇಟಾ, ನಿಮ್ಮ ಅಮ್ಮಿ ಬಾಗಿಲಿಗೆ ಬರುವಷ್ಟರಲ್ಲಿ ಚಿತ್ರ ನಿಂತುಬಿಡುತ್ತದೆ. ಮತ್ತೆ ಮೊದಲಿನಿಂದ ಶುರುವಾಗುತ್ತದೆ." ಔರಾದಿಗೆ ರೈಲಿಲ್ಲ, ಬಸ್ಸು ಹಿಡಿದೇ ಹೋದೆವು.

ಕೆಟ್ಟದ್ದು ಏನು? ಫೈಲೇ ಕೆಟ್ಟಿರಬಹುದು. ಅದೇ ಡಿಸ್ಕನ್ನು ಲ್ಯಾಪ್‌ಟಾಪಿಗೆ ಹಾಕಿದೆವು, ಸಿನಿಮಾ ಕೊನೆಯವರೆಗೂ ಸರಾಗವಾಗಿ ಓಡಿತು. ಬಿಸಿಲಿಗೆ ಡಬ್ಬಿ ಕಾದಿರಬಹುದು. ಕೋಡಿಯ ಮಾಹಿತಿ ಪುಟದಲ್ಲಿ ಉಷ್ಣಾಂಶ ನೋಡಿದೆವು, ಹೆದರುವಂಥದ್ದೇನೂ ಇರಲಿಲ್ಲ. ಮೆಮರಿ ಕಾರ್ಡ್ ಹಾಳಾಗಿರಬಹುದು. ಬೇರೆ ಕಾರ್ಡ್ ಹಾಕಿದೆವು, ಅದೇ ಕಾಟ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸುತ್ತಾ ಹೋದೆವು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದೇ ಇಲ್ಲ. ಕೊನೆಗೆ ಹಾರ್ಡ್ ಡಿಸ್ಕ್ ತೆಗೆದು ಪೆನ್ ಡ್ರೈವ್ ಹಾಕಿದೆವು. ಒಂದು ಗಂಟೆಯಾದರೂ ನಿಲ್ಲಲಿಲ್ಲ! ಡಿಸ್ಕ್ ಮತ್ತೆ ಸಿಕ್ಕಿಸಿದೊಡನೆ ಡಬ್ಬಿಯ ಕೆಂಪು ದೀಪ ಮಿಣುಕತೊಡಗಿತು. ಪರದೆಯ ಬಲ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಮೂಡಿತು.

"ಇದು ದಿನಾ ಬರುತ್ತದಲ್ಲ, ಟಿವಿ ಕಂಪನಿಯವರ ಮುದ್ರೆಯಲ್ಲವೇ?" ಎಂದರು ಅಬ್ಬಾ.

ಮುದ್ರೆಯಲ್ಲ, ಅದು ಹಸಿವಿನ ಕೂಗು. ಈ ಡಬ್ಬಿಗೆ 5 ವೋಲ್ಟ್, 2.5 ಆಂಪಿಯರ್ ಕೊಡಬಲ್ಲ ಅಡಾಪ್ಟರ್ ಬೇಕು. ವೋಲ್ಟೇಜು 4.63ಕ್ಕಿಂತ ಕೆಳಗಿಳಿದರೆ ಕೆಂಪು ದೀಪ ಆರುತ್ತದೆ, ಮಿಂಚಿನ ಗುರುತು ಮೂಡುತ್ತದೆ. ಗೋಡೆಯ ಬೋರ್ಡಿನಲ್ಲಿ ನೋಡಿದರೆ ನಾವು ಕೊಟ್ಟ ಅಡಾಪ್ಟರೇ ಇಲ್ಲ. ಬಂದ ನೆಂಟರಾರೋ ಅದರಲ್ಲಿ ಫೋನ್ ಚಾರ್ಜ್ ಮಾಡಿಕೊಂಡು, ಹೋಗುವಾಗ ತಮ್ಮದನ್ನು ಬಿಟ್ಟು ಅದನ್ನು ಒಯ್ದಿದ್ದರು. ನೋಡಲು ಎರಡೂ ಒಂದೇ ಬಗೆ. ಇದರ ಬೆನ್ನಿನ ಮೇಲೆ ಸಣ್ಣಕ್ಷರದಲ್ಲಿ 1 ಆಂಪಿಯರ್ ಎಂದಿತ್ತು. ಡಬ್ಬಿಯೊಂದೇ ಆದರೆ ಹೇಗೋ ಸಾಗುತ್ತಿತ್ತು. ತಿರುಗುವ ಡಿಸ್ಕಿಗೂ ಅದೇ ಬಡ ಚಾರ್ಜರ್ ಉಣಿಸಬೇಕಾದಾಗ ಇಬ್ಬರಿಗೂ ಉಪವಾಸ.

ಡಿಸ್ಕಿಗೆ ಕಿವಿ ಕೊಟ್ಟಾಗ ನಮ್ಮ ಎದೆ ಧಸಕ್ಕೆಂದಿತು. ಒಳಗಿನಿಂದ ಟಿಕ್ ಟಿಕ್ ಎಂಬ ಸದ್ದು. ವಿದ್ಯುತ್ ಸಾಲದೆ ಡಿಸ್ಕ್ ನಿಲ್ಲುವುದು, ಮತ್ತೆ ತಿರುಗುವುದು ಹೀಗೇ ನಡೆದರೆ ಒಳಗಿನ ಫೈಲುಗಳು ಕೆಡಬಹುದು. ಇಷ್ಟು ದಿನ ಕಷ್ಟದಲ್ಲಿದ್ದದ್ದು ಅಮ್ಮಿಯ ದನಿ ಇದ್ದ ಆ ಒಂದೇ ಪ್ರತಿ. ಅಲ್ಲೇ ಕೂತು ಆ ಫೈಲನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡೆವು. ಮರಳುವಾಗ ಭಾಲ್ಕಿಗೆ ಹೋಗಿ ಆಪಾಳ ಮನೆಯಲ್ಲೊಂದು ಪ್ರತಿ ಇಟ್ಟೆವು.

ಭಾಲ್ಕಿಯ ರಿಪೇರಿ ಅಂಗಡಿಯಾತ ನಮ್ಮ ತೆಳ್ಳನೆಯ ಉದ್ದ ಕೇಬಲ್ಲನ್ನು ನೋಡಿ, "ಸಾಹೇಬ್ರ, ಅಡಾಪ್ಟರ್ ಒಂದೇ ಬದಲಿ ಮಾಡಿದ್ರ ಸಾಲಂಗಿಲ್ರಿ. ಇಷ್ಟು ಸಣ್ಣ ತಾರಿನ್ಯಾಗ ಕರೆಂಟು ದಾರಿಯಾಗೇ ಸೋತು ಹೋಗ್ತದ" ಎಂದ. ಸರಿಯಾದ ಮಾತು. ತಂತಿ ತೆಳ್ಳಗಾದಷ್ಟೂ ಉದ್ದವಾದಷ್ಟೂ ವೋಲ್ಟೇಜು ಸೋರುತ್ತದೆ. ಗಿಡ್ಡನೆಯ ದಪ್ಪ ಕೇಬಲ್, 2.5 ಆಂಪಿಯರಿನ ಅಡಾಪ್ಟರ್, ಡಿಸ್ಕಿಗೆಂದು ತನ್ನದೇ ವಿದ್ಯುತ್ ಇರುವ ಯುಎಸ್‌ಬಿ ಹಬ್, ಈ ಮೂರನ್ನು ಔರಾದಿಗೆ ಒಯ್ದೆವು. ಮಿಂಚು ಮತ್ತೆ ಮೂಡಲಿಲ್ಲ.

ಇನ್ನು ಮೂರು ಸಣ್ಣ ತೊಂದರೆಗಳು ಉಳಿದಿದ್ದವು. ಕರೆಂಟು ಹೇಳದೆ ಹೋಗುವ ಊರಲ್ಲಿ, ಡಬ್ಬಿ ಕಾರ್ಡಿನ ಮೇಲೆ ಏನಾದರೂ ಬರೆಯುತ್ತಿರುವಾಗಲೇ ದೀಪ ಆರಿದರೆ ಕಾರ್ಡ್ ಕೆಡುತ್ತದೆ. ಅದಕ್ಕೆ ಅದೇ ಕಾರ್ಡಿನ ಇನ್ನೊಂದು ಪ್ರತಿ ಮಾಡಿ ಬೆಂಕಿಪೊಟ್ಟಣದಲ್ಲಿಟ್ಟು ಅಬ್ಬಾ ಕೈಗೆ ಕೊಟ್ಟೆವು. ಮೊಮ್ಮಕ್ಕಳು ಹೊಸ ಫೋನಿನಲ್ಲಿ 4ಕೆ ಅಳತೆಯಲ್ಲಿ, ಎಚ್.265 ರೂಪದಲ್ಲಿ ತೆಗೆದ ವಿಡಿಯೋಗಳು ಮುಗ್ಗರಿಸುತ್ತಿದ್ದವು. ಈ ಹಳೆಯ ಮಾದರಿಗೆ ಅಷ್ಟು ಭಾರ ಎಳೆಯುವ ಶಕ್ತಿಯಿಲ್ಲ, 2019ರ ಜೂನ್‌ನಲ್ಲಿ ಬಂದ ನಾಲ್ಕನೆಯ ಮಾದರಿಗೆ ಇದೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಅವನ್ನು ಎಚ್.264 ರೂಪಕ್ಕೆ ತಂದು ಗಾತ್ರ ಇಳಿಸಿದ ಮೇಲೆ ಅವೂ ಓಡಿದವು.

ಮೂರನೆಯದು ಲಿಪಿಯ ತೊಂದರೆ. ಅಬ್ಬಾ ಓದಿದ್ದು ಉರ್ದುವಿನಲ್ಲಿ. ಫೋಲ್ಡರುಗಳಿಗೆ ಉರ್ದು ಹೆಸರಿಟ್ಟರೆ ಪರದೆಯ ಮೇಲೆ ಬರೀ ಚೌಕಗಳು ಕಾಣುತ್ತಿದ್ದವು. ಕೋಡಿಯ ಸೆಟ್ಟಿಂಗಿನಲ್ಲಿ ಅಕ್ಷರಶೈಲಿಯನ್ನು ಏರಿಯಲ್‌ಗೆ ಬದಲಿಸಿದಾಗ ಹೆಸರುಗಳು ಕಂಡವು. ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರೆಂದು ನಮ್ಮ ಜಿಲ್ಲೆಯ ಹಿರಿಯರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ನಮ್ಮ ಡಬ್ಬಿಗೆ ಅಂಥ ಕಷ್ಟವಿಲ್ಲ. ಪರದೆಯಲ್ಲಿ ಉರ್ದು, ಪಕ್ಕದ ಗೋಡೆಗೆ ಅಂಟಿಸಿದ ಚೀಟಿಯಲ್ಲಿ ಉರ್ದು, ಕನ್ನಡ ಎರಡೂ. ಅಬ್ಬಾ ಓದುತ್ತಾರೆ, ಬೇಸಿಗೆ ರಜೆಗೆ ಬಂದ ಮೊಮ್ಮಕ್ಕಳೂ ಓದುತ್ತಾರೆ.

ಆ ಚೀಟಿಯಲ್ಲಿರುವುದು ನಾಲ್ಕೇ ಮಾತು. ಮಿಂಚು ಕಂಡರೆ ಅಡಾಪ್ಟರ್ ನೋಡಿ. ಈ ಅಡಾಪ್ಟರನ್ನು ಫೋನಿಗೆ ಕೊಡಬೇಡಿ. ಮೊದಲು ರಿಮೋಟಿನಿಂದ ಡಬ್ಬಿ ಮುಚ್ಚಿ, ಹಸಿರು ದೀಪ ನಿಂತ ಮೇಲೆ ಸ್ವಿಚ್ ಆರಿಸಿ. ಡಬ್ಬಿ ಏಳದಿದ್ದರೆ ಬೆಂಕಿಪೊಟ್ಟಣದ ಕಾರ್ಡ್ ಹಾಕಿ.

ಆಮೇಲೆ ಒಮ್ಮೆ ಡಬ್ಬಿ ಏಳದೆ ಹೋದಾಗ ಅಬ್ಬಾ ತಾವೇ ಕಾರ್ಡ್ ಬದಲಿಸಿಕೊಂಡರು. ನಮಗೆ ಗೊತ್ತಾದದ್ದು ಒಂದು ವಾರದ ನಂತರ, ಅದೂ ಮಾತಿನ ನಡುವೆ. ರಿಪೇರಿ ಕಲಿಸುವುದೆಂದರೆ ಇದೇ ಇರಬೇಕು. ಮಕ್ಕಳು ದೂರದ ಊರಿನಲ್ಲಿರುವ ಮನೆಗಳಲ್ಲಿ ಹಿರಿಯರಿಗೆ ಉಡುಗೊರೆ ಕೊಡುವವರು ಬಹಳ ಮಂದಿ. ಆ ವಸ್ತು ಕೆಟ್ಟಾಗ ಏನು ಮಾಡಬೇಕೆಂದು ಅವರ ಭಾಷೆಯಲ್ಲಿ, ದೊಡ್ಡಕ್ಷರದಲ್ಲಿ ಬರೆದು ಕೊಡುವವರು ಕಡಿಮೆ. ಓದುಗರು ಈ ಎರಡನೆಯದನ್ನೂ ಮಾಡಲಿ. ಜೊತೆಗೆ, ಕಳೆದುಕೊಳ್ಳಲಾರದ ದನಿ ನಿಮ್ಮಲ್ಲಿದ್ದರೆ ಅದನ್ನು ಒಂದೇ ಪೆಟ್ಟಿಗೆಯಲ್ಲಿಡಬೇಡಿ. ನಮ್ಮದು ಇಂದು ಮೂರು ಊರುಗಳಲ್ಲಿದೆ.