ಸಿಗಿರಿಯದ ಗೋಡೆಬರಹ

ಶ್ರೀಲಂಕಾದ ದಂಬುಲ್ಲ ದಾಟಿ ಸ್ವಲ್ಪ ದೂರ ಹೋದರೆ ಕಾಡಿನ ನಡುವೆ ಸಿಗಿರಿಯದ ಬಂಡೆ ಏಕಾಏಕಿ ಎದ್ದು ನಿಲ್ಲುತ್ತದೆ. ಸುಮಾರು 180 ಮೀಟರ್ ಎತ್ತರ. ಐದನೇ ಶತಮಾನದಲ್ಲಿ ತಂದೆಯನ್ನು ಕೊಲ್ಲಿಸಿ ಪಟ್ಟವೇರಿದ ಕಾಶ್ಯಪ ಇದರ ನೆತ್ತಿಯ ಮೇಲೆ ಅರಮನೆ ಕಟ್ಟಿಸಿದ. ಅಂಥವನಿಗೆ ನಿದ್ದೆ ಹತ್ತಲು ಇಷ್ಟಾದರೂ ಎತ್ತರ ಬೇಕಿತ್ತೇನೋ!

ಅರ್ಧ ಹತ್ತಿದ ಮೇಲೆ ಕಬ್ಬಿಣದ ಸುರುಳಿ ಮೆಟ್ಟಿಲು. ಅದರ ತುದಿಯಲ್ಲಿ, ಬಂಡೆಯ ಪೊಟರೆಯೊಳಗೆ ಚಿತ್ರದ ಹೆಂಗಸರು. ಸೊಂಟದ ಕೆಳಗೆಲ್ಲ ಮೋಡ, ಕೈಯಲ್ಲಿ ಹೂವು, ಹೊಂಬಣ್ಣದ ಮೈ. ಒಂದೂವರೆ ಸಾವಿರ ವರ್ಷದ ಬಣ್ಣ ನಿನ್ನೆ ಮೊನ್ನೆಯದರ ಹಾಗಿದೆ. ಅಪ್ಸರೆಯರೋ ಅಂತಃಪುರದವರೋ ಎಂಬ ಜಗಳ ವಿದ್ವಾಂಸರದು; ನನಗಂತೂ ಬಾಯಿ ಕಟ್ಟಿಹೋಗಿತ್ತು.

ಕೆಳಗಿಳಿದರೆ ಕನ್ನಡಿ ಗೋಡೆ. ಇಟ್ಟಿಗೆಯ ಮೇಲೆ ಗಾರೆ ಬಳಿದು, ಮುಖ ಕಾಣುವಷ್ಟು ನಯ ಮಾಡಿದ್ದರಂತೆ. ಈಗ ಹಳದಿಗೆ ತಿರುಗಿದೆ, ಆದರೂ ಬಿಸಿಲು ಓರೆಯಾಗಿ ಬಿದ್ದಾಗ ಹೊಳಪು ತಿಳಿಯುತ್ತದೆ. ಆ ಓರೆ ಬೆಳಕಿನಲ್ಲೇ ಕೂದಲೆಳೆಯಷ್ಟು ಸಣ್ಣ ಗೀರುಗಳೂ ಕಂಡವು. ಸಾಲು ಸಾಲು ಅಕ್ಷರ! ಕಾಶ್ಯಪ ಸತ್ತು ಅರಮನೆ ಹಾಳುಬಿದ್ದ ಮೇಲೆ, ಎಂಟರಿಂದ ಹತ್ತನೇ ಶತಮಾನದವರೆಗೆ ಇಲ್ಲಿಗೆ ಬಂದ ಜನ ಚೂಪಾದ ಮೊನೆಯಿಂದ ಗೀಚಿದ್ದು. ಭಿಕ್ಷುಗಳು, ಸೈನಿಕರು, ಹೆಂಗಸರು, ಎಲ್ಲರೂ ಇದ್ದಾರೆ. ಪುರಾತತ್ವಜ್ಞ ಸೆನರತ್ ಪರಣವಿತಾನ ಕಣ್ಣು ಕೀಲಿಸಿ ಓದಿ, 685 ಪದ್ಯಗಳನ್ನು 1956ರಲ್ಲಿ ಪ್ರಕಟಿಸಿದರು. ಹಳೆಯ ಸಿಂಹಳ ಕಾವ್ಯದ ಅಪರೂಪದ ಭಂಡಾರವೇ ಅದು.

ಬಹುಪಾಲು ಪದ್ಯಗಳು ಮೇಲಿನ ಹೆಂಗಸರನ್ನು ಕುರಿತವು: ನೋಡುತ್ತಾಳೆ, ಮಾತನಾಡುವುದಿಲ್ಲ ಎಂಬ ಕೊರಗು. ಇದನ್ನು ಕಂಡು ಮೂತಿ ತಿರುವಿದ ಹೆಂಗಸರ ಪದ್ಯಗಳೂ ಉಂಟು. ಹಾಗೆಂದು ಎಲ್ಲರೂ ಕವಿಗಳೇನಲ್ಲ. ‘ನಾನು ಇಂಥವನು, ಇದನ್ನು ಬರೆದವನು ನಾನೇ’ ಎಂದಷ್ಟೇ ಗೀಚಿ ಹೋದವರೂ ಇದ್ದಾರೆ. ನಮ್ಮ ಕೋಟೆಗೋಡೆಗಳ ಮೇಲೆ ಬಾಣ ಚುಚ್ಚಿದ ಹೃದಯದೊಳಗೆ ಹೆಸರು ಬರೆಯುವವರ ಪೂರ್ವಜರು! ಯಾರ ಅಪ್ಪಣೆಯೂ ಇರಲಿಲ್ಲ. ಅಂದಿನ ಪುಂಡಾಟ ಇಂದು ವಿಶ್ವ ಪರಂಪರೆ.

ಈಗ ಅಲ್ಲಿ ಕಾವಲಿದೆ. 2015ರಲ್ಲಿ ಇದೇ ಗೋಡೆಯ ಮೇಲೆ ಹೆಸರು ಗೀಚಿದ ಯುವತಿಯೊಬ್ಬಳಿಗೆ ಎರಡು ವರ್ಷ ಜೈಲಾಯಿತು. ಆಮೇಲೆ ಅಂದಿನ ಅಧ್ಯಕ್ಷ ಸಿರಿಸೇನ ಕ್ಷಮೆ ನೀಡಿದರು. ಕ್ಷಮಿಸಿದ್ದು ಸರಿಯೇ. 1967ರದು ಬೇರೆ ಜಾತಿಯ ಕೃತ್ಯ: ರಾತ್ರೋರಾತ್ರಿ ಯಾರೋ ಚಿತ್ರಗಳ ಮೇಲೆ ಹಸಿರು ಬಣ್ಣ ಎರಚಿದರು. ಇಟಲಿಯಿಂದ ಬಂದ ತಜ್ಞ ಲೂಚಿಯಾನೊ ಮರಾಂಜಿ ಆ ಬಣ್ಣ ಬಿಡಿಸಬೇಕಾಯಿತು. ಆ ಹಸಿರಿಗೂ ಯುವತಿಯ ಗೀರಿಗೂ ಒಂದೇ ಹೆಸರು ಕೊಡಲು ನನ್ನ ಮನಸ್ಸು ಒಪ್ಪದು.

ಆದರೂ ಕಾವಲು ಬೇಡವೆನ್ನಲಾರೆ. ಎಂಟನೇ ಶತಮಾನದವನಿಗೆ ಸಿಕ್ಕಿದ್ದು ಖಾಲಿ ಗೋಡೆ. ಇಂದು ಮೊಳೆ ಎತ್ತಿದವನ ಕೈ ಇನ್ನೊಬ್ಬರ ಸಾಲಿನ ಮೇಲೇ ಬೀಳುತ್ತದೆ. ಅವನು ಬರೆಯುವುದಕ್ಕಿಂತ ಅಳಿಸುವುದೇ ಹೆಚ್ಚು.

ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲೂ ‘ಕವಿರತ್ನ’ ಎಂದು ಬಂಡೆಯಲ್ಲಿ ಕೊರೆದಿದೆ. ರನ್ನನದೇ ಕೈ ಎನ್ನುತ್ತಾರೆ. ಸಾವಿರ ವರ್ಷದ ಕೆಳಗೆ ಅಲ್ಲಿ ಪಹರೆಯವನಿದ್ದು ಮಹಾಕವಿಯ ಕೈಯಿಂದ ಉಳಿ ಕಿತ್ತುಕೊಂಡಿದ್ದರೆ ನಮಗೇ ನಷ್ಟ. ಈಗ ಅದರ ಪಕ್ಕ ಯಾರಾದರೂ ಉಳಿ ಹಿಡಿದು ಕೂತರೆ, ಅವನೂ ಕವಿಯೇ ಇರಲಿ, ಮೊದಲು ಕೂಗು ಹಾಕುವವನು ನಾನೇ.