ಚಕ್ರರಕ್ಷಕರು

ಕುರುಕ್ಷೇತ್ರದಲ್ಲಿ ಅರ್ಜುನನ ರಥದ ಎಡಬಲಗಳ ಚಕ್ರಗಳನ್ನು ಕಾಯುತ್ತ ನಡೆದವರು ಯುಧಾಮನ್ಯು, ಉತ್ತಮೌಜಸ್ಸು ಎಂಬ ಇಬ್ಬರು ಪಾಂಚಾಲವೀರರು. ಭಾರತವಾಚನವನ್ನು ವರ್ಷವರ್ಷವೂ ತಪ್ಪದೆ ಕೇಳುವ ಮನೆಗಳಲ್ಲಿಯೂ ಗಾಂಡೀವದ ಟಂಕಾರವನ್ನು ಬಲ್ಲವರು ಹಲವರು. ಈ ಇಬ್ಬರ ಹೆಸರನ್ನು ಬಲ್ಲವರು ವಿರಳ. ಬಾಣವು ಹೋದತ್ತ ಕಣ್ಣೂ ಹೋಗುವುದು. ಬಿಲ್ಲನ್ನು ಸೆಳೆದು ಗುರಿ ಹಿಡಿಯುವಷ್ಟು ಹೊತ್ತು ರಥವು ಮುರಿದು ಬೀಳದಂತೆ ನೋಡಿಕೊಂಡವರು ಯಾರೆಂಬ ಪ್ರಶ್ನೆಯು ರಥವು ಮುರಿದ ದಿನ ಮಾತ್ರ ಏಳುವುದು.

ಅಂತಹ ಪ್ರಶ್ನೆಯೊಂದು 2021ನೆಯ ಇಸವಿಯ ಫೆಬ್ರವರಿ 7ರ ರಾತ್ರಿ ಅಮೆರಿಕದ ಕಾನ್ಸಾಸ್ ಸಿಟಿಯೆಂಬ ಊರಿನಲ್ಲಿ ಎದ್ದಿತು. ಆ ಊರಿನ ಚೀಫ್ಸ್ ತಂಡವು ಅಂದು ಸೂಪರ್ ಬೌಲ್ ಎಂಬ ಅಂತಿಮ ಪಂದ್ಯದಲ್ಲಿ ಟ್ಯಾಂಪಾ ಬೇ ಬಕನಿಯರ್ಸ್ ತಂಡಕ್ಕೆ 31ಕ್ಕೆ 9ರಂತೆ ಸೋತಿತು. ಆ ಋತುವಿನ 16 ಪಂದ್ಯಗಳಲ್ಲಿ 14ನ್ನು ಗೆದ್ದು ಬಂದಿದ್ದ ತಂಡ. ಎದುರಾಳಿಗಳು ನೋಡನೋಡುತ್ತಿರುವಂತೆಯೇ ಐವತ್ತು ಅರುವತ್ತು ಗಜಗಳಾಚೆಗೆ ಚೆಂಡನ್ನು ಎಸೆದು ಹಿಡಿಯುವುದರಲ್ಲಿ ಹೆಸರಾಗಿದ್ದ ತಂಡ. ಅಂದು ಅದು ಒಂದೇ ಒಂದು ಟಚ್‌ಡೌನನ್ನೂ ಗಳಿಸದೆ, ಚೆಂಡನ್ನು ಮೂರು ಸಲ ಕಂಬಗಳ ನಡುವೆ ಒದ್ದು ಪಡೆದ ಒಂಬತ್ತು ಅಂಕಗಳಲ್ಲಿಯೇ ನಿಂತಿತು.

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟವು ಕನ್ನಡನಾಡಿನ ಶಾಲಾ ಬಯಲುಗಳಲ್ಲಿ ಕಾಣುವ ಕಾಲ್ಚೆಂಡಲ್ಲ. ಅದರಲ್ಲಿ ಕಾಲಿಗೆ ಕೆಲಸ ಸ್ವಲ್ಪ, ಕೈಗೂ ಭುಜಕ್ಕೂ ಕೆಲಸ ಬಹಳ. ಪಕ್ಷವೊಂದಕ್ಕೆ 11 ಮಂದಿ. ಚೆಂಡು ಯಾರ ಕೈಯಲ್ಲಿರುವುದೋ ಆ ಪಕ್ಷಕ್ಕೆ ನಾಲ್ಕು ಸರದಿಗಳು. ಅಷ್ಟರೊಳಗೆ 10 ಗಜ ಮುಂದುವರಿದರೆ ಮತ್ತೆ ನಾಲ್ಕು, ಇಲ್ಲವಾದರೆ ಚೆಂಡು ಎದುರು ಪಕ್ಷಕ್ಕೆ. ಚೆಂಡನ್ನೆಸೆಯುವ ನಾಯಕನಿಗೆ ಕ್ವಾರ್ಟರ್‌ಬ್ಯಾಕ್ ಎಂದು ಹೆಸರು. ಅವನ ಮುಂದೆ ಐವರು ಭೀಮಕಾಯರು ಸಾಲಾಗಿ ನಿಂತು, ಅವನ ಮೇಲೆ ನುಗ್ಗಿಬರುವ ಎದುರಾಳಿಗಳನ್ನು ಎದೆಗೊಟ್ಟು ತಡೆಯುವರು. ಒಬ್ಬೊಬ್ಬನ ತೂಕ ಸುಮಾರು 300 ಪೌಂಡು. ಮುಂದಕ್ಕೆ ಎಸೆದ ಚೆಂಡನ್ನು ಹಿಡಿಯುವ ಅಧಿಕಾರ ಸಾಮಾನ್ಯವಾಗಿ ಈ ಐವರಿಗಿಲ್ಲ, ನಿಯಮವೇ ಹಾಗೆ. ಎಸೆದವನಿಗೆ ಗಜಗಳ ಲೆಕ್ಕವುಂಟು, ಹಿಡಿದವನಿಗುಂಟು, ಓಡಿದವನಿಗುಂಟು. ಸಾಲಿನವನು ಸರಿಯಾಗಿ ನಿಂತದ್ದಕ್ಕೆ ಪತ್ರಿಕೆಯಲ್ಲಿ ಬರುವ ಅಂಕವಿಲ್ಲ. ಅವನ ಅಂಗಿಯ ಸಂಖ್ಯೆಯನ್ನು ತೀರ್ಪುಗಾರನು ಕ್ರೀಡಾಂಗಣಕ್ಕೆಲ್ಲ ಕೇಳುವಂತೆ ಕೂಗುವುದು ಅವನು ತಪ್ಪೆಸಗಿ ದಂಡ ತೆತ್ತಾಗ.

ಈ ಆಟವು ಮೊದಲಿಗೆ ಬಹುಮಟ್ಟಿಗೆ ಸಾಲಿನ ಆಟವೇ ಆಗಿದ್ದಿತು. ಮೈಗೆ ಮೈ ತಾಗಿಸಿ ತಳ್ಳಾಡುವುದರಲ್ಲಿ ತರುಣರು ಗಾಯಗೊಳ್ಳುತ್ತಲೂ ಸಾಯುತ್ತಲೂ ಇದ್ದುದರಿಂದ ದೇಶದಲ್ಲಿ ಕೂಗೆದ್ದು, 1906ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಲು ನಿಯಮವು ಅವಕಾಶ ಕೊಟ್ಟಿತು. 1913ರಲ್ಲಿ ನೋತ್ರ್ ಡೇಮ್ ವಿದ್ಯಾಪೀಠದವರು ಸೈನ್ಯಶಾಲೆಯ ತಂಡವನ್ನು 35ಕ್ಕೆ 13ರಂತೆ ಸೋಲಿಸಿದ ಮೇಲೆ ಎಸೆತದ ಮಹಿಮೆಯು ಎಲ್ಲರಿಗೂ ತಿಳಿಯಿತು. ಅಂದಿನಿಂದ ಇಂದಿನವರೆಗೆ, ಸೋತ ತಂಡದ ಅಭಿಮಾನಿಗಳಲ್ಲಿ ಎಸೆತದವರು, ಸಾಲಿನವರು ಎಂದು ಎರಡು ಮತಗಳು. ದ್ವೈತಾದ್ವೈತಗಳ ವಾದದಲ್ಲಿಯಾದರೂ ಮಧ್ಯಾಹ್ನದ ಊಟಕ್ಕೆ ವಿರಾಮವುಂಟು.

ಕಾನ್ಸಾಸ್ ಸಿಟಿಯ ಮನೆಯೊಂದರಲ್ಲಿ ಈ ಎರಡು ಮತಗಳೂ ಒಂದೇ ಸೂರಿನಡಿ ಇದ್ದುವು. ತಂದೆಯು ರೈಲ್ವೆಯಲ್ಲಿ ದುಡಿದು ನಿವೃತ್ತನಾದವನು, ಎಸೆತದ ಮತದವನು. ಮಗನಿಗೆ ಮೂವತ್ತು ದಾಟಿದ್ದಿತು. ಪ್ರೌಢಶಾಲೆಯ ತಂಡದಲ್ಲಿ ನಾಲ್ಕು ವರ್ಷ ಸಾಲಿನಲ್ಲಿ ನಿಂತವನು. ಮಹಾಮಾರಿಯ ವರ್ಷವಾದುದರಿಂದ ಅಂದು ನೆಂಟರಿಲ್ಲ, ನೆರೆಯವರಿಲ್ಲ. ಮಾಡಿದ ತಿಂಡಿಯು ಮೇಜಿನ ಮೇಲೆ ಮಾಡಿದಂತೆಯೇ ತಣಿದಿದ್ದಿತು. ಪಂದ್ಯವು ಮುಗಿದು ಎಷ್ಟೋ ಹೊತ್ತಿನ ಮೇಲೆ ತಂದೆಯು ಬಾಯ್ದೆರೆದನು.

"ಎಸೆಯಬೇಕಾಗಿತ್ತು. ಹಿಲ್ ಅಷ್ಟು ದೂರ ಓಡುತ್ತಿದ್ದಾನೆ. ಅವನಿಗೆ ಎಸೆಯುವುದನ್ನು ಬಿಟ್ಟು ಅಲ್ಲಿಗೆ ಐದು ಗಜ, ಇಲ್ಲಿಗೆ ಆರು ಗಜ. ಭಯಪಟ್ಟವರ ಆಟ!"

ಅವನ ಪೂರ್ವಪಕ್ಷವು ದುರ್ಬಲವಾದುದಲ್ಲ. ಹತ್ತು ವಾರಗಳ ಹಿಂದೆ, 2020ರ ನವೆಂಬರ್ 29ರಂದು, ಇದೇ ಟ್ಯಾಂಪಾ ತಂಡದ ಮೇಲೆ ಟೈರೀಕ್ ಹಿಲ್ ಎಂಬ ಆ ವೇಗಶಾಲಿಯು 269 ಗಜಗಳನ್ನು ಗಳಿಸಿ ಮೂರು ಟಚ್‌ಡೌನುಗಳನ್ನು ಮಾಡಿದ್ದನು. ಅದರಲ್ಲಿ 203 ಗಜಗಳು ಮೊದಲನೆಯ ಕಾಲುಭಾಗದಲ್ಲಿಯೇ ಬಂದಿದ್ದುವು. ಅಂದು ಚೀಫ್ಸ್ ತಂಡವು 27ಕ್ಕೆ 24ರಂತೆ ಗೆದ್ದಿತ್ತು. ಅದೇ ಎದುರಾಳಿ, ಅದೇ ಓಟಗಾರ, ಅದೇ ಪ್ಯಾಟ್ರಿಕ್ ಮಹೋಮ್ಸನ ತೋಳು. ಇದಲ್ಲದೆ ತಂದೆಯ ಮನಸ್ಸಿನಲ್ಲಿ ಇನ್ನೊಂದು ಚಿತ್ರವಿದ್ದಿತು. 1970ರ ಜನವರಿಯಲ್ಲಿ ಈ ತಂಡವು ಮೊದಲ ಸಲ ಸೂಪರ್ ಬೌಲನ್ನು ಗೆದ್ದಾಗ ಅವನು ಹನ್ನೆರಡು ವರ್ಷದ ಹುಡುಗ. ಮತ್ತೊಂದು ಗೆಲುವಿಗಾಗಿ ಅವನು ಐವತ್ತು ವರ್ಷ ಕಾದನು. 2020ರ ಫೆಬ್ರವರಿ 2ರಂದು ಸ್ಯಾನ್ ಫ್ರಾನ್ಸಿಸ್ಕೊ ತಂಡದೆದುರು 10ಕ್ಕೆ 20ರಂತೆ ಹಿಂದೆ ಬಿದ್ದು, ಮೂರನೆಯ ಸರದಿಯಲ್ಲಿ ಇನ್ನೂ 15 ಗಜ ಬೇಕಾಗಿದ್ದಾಗ, ಮಹೋಮ್ಸನು ಬಹುದೂರ ಹಿಂದಕ್ಕೆ ಸರಿದು ಹಿಲ್ಲನಿಗೆ ಎಸೆದನು. 44 ಗಜ. ಅಲ್ಲಿಂದ ಪಂದ್ಯವು ತಿರುಗಿತು. ಐವತ್ತು ವರ್ಷದ ಉಪವಾಸವನ್ನು ಮುರಿದ ಅನ್ನವು ಯಾವುದೋ ಅದನ್ನು ಹಸಿದವನು ಮರೆಯುವನೆ?

"ನವೆಂಬರಿನಲ್ಲಿ ಎಡತುದಿಯಲ್ಲಿ ಫಿಶರ್ ಇದ್ದನು, ಅಪ್ಪಾ" ಎಂದನು ಮಗ. "ಇಂದು ಇರಲಿಲ್ಲ."

ಎರಿಕ್ ಫಿಶರನಿಗೆ ಎರಡು ವಾರ ಮೊದಲು, ಜನವರಿ 24ರ ಪಂದ್ಯದಲ್ಲಿ, ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಹರಿದಿದ್ದಿತು. ಬಲತುದಿಯ ಮಿಚೆಲ್ ಶ್ವಾರ್ಟ್ಸನು ಬೆನ್ನುನೋವಿನಿಂದ ಅಕ್ಟೋಬರಿನಿಂದಲೂ ಆಡಿರಲಿಲ್ಲ. ಒಬ್ಬರ ಜಾಗದಲ್ಲಿ ಮತ್ತೊಬ್ಬರನ್ನು ಸರಿಸಿ ನಿಲ್ಲಿಸಿದ ಸಾಲು ಅದು. ಟ್ಯಾಂಪಾದ ರಕ್ಷಣೆಯನ್ನು ರೂಪಿಸಿದ ಟಾಡ್ ಬೋಲ್ಸ್ ಇದನ್ನು ಕಂಡು ಮಾಡಿದ ಹೂಟವು ಕೇಳಿದರೆ ಸರಳ. ಎಸೆಯುವವನ ಮೇಲೆ ಐದಾರು ಮಂದಿಯನ್ನು ನುಗ್ಗಿಸುವ ಸಾಹಸವನ್ನು ಅವನು ಬಹುತೇಕ ಬಿಟ್ಟನು. ನಾಲ್ವರನ್ನೇ ಕಳುಹಿಸಿದನು; ಅವರೇ ಸಾಕಾದರು. ಉಳಿದ ಏಳು ಮಂದಿ ಹಿಂದೆ ನಿಂತು, ಅವರಲ್ಲಿ ಇಬ್ಬರು ಬಹುದೂರ ಹಿಂದೆ ನಿಂತು, ಹಿಲ್ಲನ ದಾರಿಯನ್ನೇ ಮುಚ್ಚಿದರು.

ಇಡೀ ವ್ಯಾಜ್ಯದ ಗಂಟು ಇರುವುದು ಇಲ್ಲಿಯೇ. ದೂರದ ಎಸೆತಕ್ಕೆ ಮೂರು ಸೆಕೆಂಡುಗಳಾದರೂ ಬೇಕು. ಓಟಗಾರನು ಅಷ್ಟು ದೂರ ಹೋಗಿ ಮುಟ್ಟಬೇಡವೆ? ಆ ಮೂರು ಸೆಕೆಂಡುಗಳನ್ನು ದುಡಿದು ಕೊಡುವವರು ಸಾಲಿನವರು. ಸಾಲು ಗಟ್ಟಿಯಾಗಿದ್ದರೆ ಅದನ್ನು ಮುರಿಯಲು ಎದುರಾಳಿಯು ಹೆಚ್ಚು ಮಂದಿಯನ್ನು ಮುಂದಕ್ಕೆ ತರಬೇಕಾಗುವುದು. ಆಗ ಹಿಂದೆ ಬಯಲು ತೆರೆಯುವುದು. ಹಾಗೆಯೇ, ದೂರದ ಎಸೆತದ ಅಂಜಿಕೆಯಿದ್ದರೆ ಎದುರಾಳಿಯು ಹಿಂದೆ ಸರಿದು ನಿಲ್ಲುವನು. ಆಗ ಸಾಲಿನ ಮೇಲಣ ಹೊರೆ ಇಳಿಯುವುದು. ಸಾಂಖ್ಯರು ಹೇಳುವ ಅಂಧಪಂಗು ನ್ಯಾಯವೇ ಇದು. ಹೆಗಲ ಮೇಲಿನ ಕುಂಟನಿಗೆ ಕಣ್ಣುಂಟು, ಹೊತ್ತ ಕುರುಡನಿಗೆ ಕಾಲುಂಟು. ದಾರಿಯಲ್ಲಿ ಎಡವಿ ಬಿದ್ದಾಗ ತಪ್ಪು ಯಾರದೆಂದು ವಿಚಾರಿಸಹೊರಟವನು, ಬಿದ್ದವರು ಇಬ್ಬರೂ ಎಂಬುದನ್ನು ಮೊದಲು ನೋಡಬೇಕು. ಆದರೂ ಆ ರಾತ್ರಿಯ ಮಟ್ಟಿಗೆ ಮೊದಲು ಕುಸಿದುದು ಕಾಲೇ ಹೊರತು ಕಣ್ಣಲ್ಲ.

ಅದಕ್ಕೆ ಮಹೋಮ್ಸನೇ ಸಾಕ್ಷಿ. ಕಾಲ್ಬೆರಳಿನ ನೋವನ್ನು ಇಟ್ಟುಕೊಂಡೇ ಆಡುತ್ತಿದ್ದ ಅವನ ಮೇಲೆ 29 ಸಲ ಎದುರಾಳಿಗಳು ಎರಗಿದರು. ಸೂಪರ್ ಬೌಲಿನಲ್ಲಿ ಅಲ್ಲಿಯವರೆಗೆ ಯಾರಿಗೂ ಅಷ್ಟು ಒತ್ತಡ ಬಂದಿರಲಿಲ್ಲ. ಚೆಂಡನ್ನು ಕೈಬಿಡುವ ಮೊದಲು ಅತ್ತಿತ್ತ ತಪ್ಪಿಸಿಕೊಂಡು ಅವನು ಓಡಿದ ಓಟವನ್ನು ಲೆಕ್ಕಿಗರು ಕೂಡಿದಾಗ 497 ಗಜಗಳಾದುವು. ಕೊನೆಯ ಕಾಲುಭಾಗದಲ್ಲಿ ಒಮ್ಮೆ ಅವನ ದೇಹವು ನೆಲಕ್ಕೆ ಸಮಾನಾಂತರವಾಗಿ ಗಾಳಿಯಲ್ಲಿ ಚಾಚಿರುವಾಗಲೇ ಚೆಂಡನ್ನೆಸೆದನು; ಅದು ಗುರಿರೇಖೆಯಾಚೆ ಇದ್ದ ತನ್ನವನ ಶಿರಸ್ತ್ರಾಣದ ಮುಖಕ್ಕೇ ಬಡಿದು ಕೆಳಗೆ ಬಿದ್ದಿತು. ಚಕ್ರವ್ಯೂಹದ ಬಾಗಿಲಲ್ಲಿ ಸೈಂಧವನು ಹಿಂದಿನವರನ್ನು ತಡೆದ ಮೇಲೆ ಅಭಿಮನ್ಯುವಿನ ಕೌಶಲ್ಯವನ್ನು ಕುರಿತು ವಾದಿಸಿ ಫಲವೇನು?

ತಂದೆಯು ಇದನ್ನೆಲ್ಲ ಕಂಡಿದ್ದನು, ಒಪ್ಪಲು ಮನಸ್ಸಿರಲಿಲ್ಲ. "ಸಾಲು, ಸಾಲು! ನೀನು ಸಾಲಿನಲ್ಲಿ ನಿಂತಿದ್ದವನು, ಅದಕ್ಕೇ ಹೀಗೆ ಹೇಳುವೆ. ನಾನೂ ನೋಡಿಲ್ಲವೆ? ನಿನ್ನ ಶಾಲೆಯ ಒಂದು ಆಟವನ್ನಾದರೂ ನಾನು ತಪ್ಪಿಸಿದ್ದೇನೆಯೆ? ರಾತ್ರಿಪಾಳಿ ಮುಗಿಸಿ ನಿದ್ದೆಗೆಟ್ಟು ಬರುತ್ತಿದ್ದೆ."

"ಬರುತ್ತಿದ್ದೆ" ಎಂದನು ಮಗ. "ಆದರೆ ನೋಡುತ್ತಿದ್ದುದು ಚೆಂಡನ್ನು."

ಮಗನ ದನಿಯಲ್ಲಿ ಕೋಪವಿರಲಿಲ್ಲ. ಅದಿದ್ದಿದ್ದರೆ ತಂದೆಗೆ ಉತ್ತರ ಹೇಳುವುದು ಸುಲಭವಾಗುತ್ತಿತ್ತು. ನಾಲ್ಕು ವರ್ಷಗಳ ಶುಕ್ರವಾರದ ರಾತ್ರಿಗಳು. ದೀಪದ ಕಂಬಗಳ ಕೆಳಗೆ ಕುಳಿತು ಕಿರುಚಿದ ನೆನಪು ಅವನಿಗೆ ಚೆನ್ನಾಗಿ ಇದ್ದಿತು. ಗೆದ್ದ ಪಂದ್ಯಗಳಲ್ಲಿ ಯಾರು ಎಸೆದರು, ಯಾರು ಹಿಡಿದರು ಎಂಬುದನ್ನು ಇಂದಿಗೂ ಹೆಸರಿಟ್ಟು ಹೇಳಬಲ್ಲವನಾಗಿದ್ದನು. ಮಗನು ತಡೆದ ಒಂದು ತಡೆಯು ಕಣ್ಣಿಗೆ ಕಟ್ಟುವುದೇ ಎಂದು ಹುಡುಕಿದನು. ಮಣ್ಣಾದ ಬಟ್ಟೆ, ಊದಿದ ಬೆರಳು, ಕಾರಿನಲ್ಲಿ ಹಿಂದಿರುಗುವಾಗ ಹಿಂದಿನ ಆಸನದಲ್ಲಿ ನಿದ್ದೆಹೋದ ಮುಖ ಇವು ಬಂದುವು. ಆಟದೊಳಗಿನ ಮಗನು ಬರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ, ಮಾತನ್ನು ಬೇರೆಡೆಗೆ ಹೊರಳಿಸುವುದಕ್ಕೋ ಏನೋ, ತಂದೆಯು "ಆ ಡಾಕ್ಟರನಾದರೂ ಇದ್ದಿದ್ದರೆ" ಎಂದು ಆರಂಭಿಸಿ, ಅರ್ಧಕ್ಕೆ ನಿಲ್ಲಿಸಿದನು.

ಡಾಕ್ಟರನೆಂದರೆ ಲೋರಾಂ ಡುವರ್ನೆ-ಟಾರ್ಡಿಫ್. ಕೆನಡಾ ದೇಶದವನು, ಆಡುತ್ತಿರುವಾಗಲೇ ಮೆಗಿಲ್ ವಿಶ್ವವಿದ್ಯಾಲಯದಲ್ಲಿ ವೈದ್ಯಪದವಿಯನ್ನು 2018ರಲ್ಲಿ ಪಡೆದವನು. 2020ರ ಗೆಲುವಿನಲ್ಲಿ ಸಾಲಿನ ಬಲಭಾಗದಲ್ಲಿ ನಿಂತು ಆಡಿದವನು. ಅದೇ ವರ್ಷದ ಜುಲೈ ತಿಂಗಳಿನಲ್ಲಿ, ಮಹಾಮಾರಿಯ ಕಾಲದಲ್ಲಿ ತಾನು ಆಡಲಾರೆನೆಂದು ಹೇಳಿ ಹಿಂದೆ ಸರಿದ ಆಟಗಾರರಲ್ಲಿ ಅವನೇ ಮೊದಲಿಗನು. ಅವನು ಮಾಂಟ್ರಿಯಲ್ ಸೀಮೆಯ ದೀರ್ಘಶುಶ್ರೂಷೆಯ ಮನೆಯೊಂದರಲ್ಲಿ ವೃದ್ಧರೋಗಿಗಳ ಸೇವೆಗೆ ನಿಂತನು. ತನ್ನ ತಂಡವು ಟ್ಯಾಂಪಾದಲ್ಲಿ ಸೋತ ಋತುವಿನಲ್ಲಿ ಅವನು ಕಾಯುತ್ತಿದ್ದುದು ಇಂತಹ ಸಾಲನ್ನು. ಅವನಿದ್ದಿದ್ದರೆ ಎಂದು ಯಾವ ಅಭಿಮಾನಿಯು ತಾನೆ ಪೂರ್ತಿ ಹೇಳಬಲ್ಲನು?

ಮುಂದಿನ ಕಥೆಯನ್ನು ಬೇಗ ಹೇಳಬಹುದು. ಮಾರ್ಚಿ ತಿಂಗಳಿನಲ್ಲಿ ಫಿಶರನನ್ನೂ ಶ್ವಾರ್ಟ್ಸನನ್ನೂ ತಂಡವು ಬಿಟ್ಟುಕೊಟ್ಟಿತು. ಜೋ ಥೂನಿ, ಆರ್ಲ್ಯಾಂಡೊ ಬ್ರೌನ್, ಹೊಸಬರಾದ ಕ್ರೀಡ್ ಹಂಫ್ರಿ ಮತ್ತು ಟ್ರೇ ಸ್ಮಿತ್ ಇವರನ್ನು ತಂದು ಸಾಲನ್ನು ಹೊಸದಾಗಿ ಕಟ್ಟಿದರು. ಮಗನು ಗೆದ್ದಂತಾಯಿತು. ಆದರೆ 2022ರ ಜನವರಿ 30ರಂದು ಸಿನ್ಸಿನಾಟಿಯವರು ಮೂವರನ್ನು ಮಾತ್ರ ಮುಂದೆ ಬಿಟ್ಟು ಎಂಟು ಮಂದಿಯನ್ನು ಹಿಂದೆ ನಿಲ್ಲಿಸುವ ಉಪಾಯವನ್ನು ಹೂಡಿ, 3ಕ್ಕೆ 21ರಂತೆ ಹಿಂದಿದ್ದವರು 27ಕ್ಕೆ 24ರಂತೆ ಗೆದ್ದರು. ಎರಡು ತಿಂಗಳೊಳಗಾಗಿ ಹಿಲ್ಲನನ್ನು ಮಯಾಮಿ ತಂಡಕ್ಕೆ ಕೊಟ್ಟುಬಿಟ್ಟರು. ತಂದೆಯು ಮೂರು ದಿನ ಆ ತಂಡದ ಟೋಪಿಯನ್ನು ತಲೆಗೆ ಹಾಕಲಿಲ್ಲ. ಆದರೂ 2023ರ ಫೆಬ್ರವರಿ 12ರಂದು, ಆ ಋತುವಿನಲ್ಲಿ ಎದುರಾಳಿ ಎಸೆತಗಾರರನ್ನು 70 ಸಲ ಕೆಡವಿದ್ದ ಫಿಲಡೆಲ್ಫಿಯಾದವರು ಮಹೋಮ್ಸನನ್ನು ಒಂದು ಸಲವೂ ಕೆಡವಲಾರದೆ ಹೋದರು, 38ಕ್ಕೆ 35. ಮರುವರ್ಷ ಇನ್ನೊಂದು ಗೆಲುವು. ಗೆದ್ದ ವರ್ಷಗಳಲ್ಲಿ ವಾದಕ್ಕೆ ಎಡೆಯಿಲ್ಲ. ಆ ಮನೆಯಲ್ಲಿಯೂ ಇರಲಿಲ್ಲ.

2025ರ ಫೆಬ್ರವರಿ 9ರಂದು ಮತ್ತೆ ಫಿಲಡೆಲ್ಫಿಯಾ. ಆ ವೇಳೆಗೆ ತಂದೆಗೆ 67. ಈ ಸಲ ಮನೆಯಲ್ಲಿ ಸೊಸೆಯಿದ್ದಳು, ತೊಡೆಯೇರುವ ಮೊಮ್ಮಗನಿದ್ದನು. ಮೊದಲ ಸರದಿಗೆ ಎರಡು ಪಕ್ಷಗಳೂ ಬಾಗಿ ನಿಂತಿದ್ದಾಗಲೇ ತಂದೆಯು ಬೆರಳು ತೋರಿಸಿ ಹೇಳಿದನು: "ಎಡತುದಿಯಲ್ಲಿ ನಿಂತಿರುವವನು 62. ಥೂನಿ. ಅದು ಅವನ ಜಾಗವಲ್ಲ. ಅವನದು ಒಂದು ಹೆಜ್ಜೆ ಒಳಗೆ. ಡಿಸೆಂಬರಿನಿಂದ ಅವನನ್ನು ಅಲ್ಲಿ ನಿಲ್ಲಿಸಿದ್ದಾರೆ."

ಮಗನು ತಿರುಗಿ ತಂದೆಯ ಮುಖವನ್ನು ನೋಡಿದನು.

ಅಂದು ಕೂಡ ಎದುರಾಳಿಗಳು ನಾಲ್ವರನ್ನೇ ಕಳುಹಿಸಿದರು. ಮಹೋಮ್ಸನನ್ನು ಆರು ಸಲ ಕೆಡವಿದರು. ಅರ್ಧ ಆಟಕ್ಕೆ 24ಕ್ಕೆ ಸೊನ್ನೆ. ವಾದವೂ ಆರಂಭವಾಯಿತು, ಆದರೆ ವಾದಿಗಳು ಪೀಠ ಬದಲಾಯಿಸಿದ್ದರು. "ಹಿಲ್ಲನಂತಹವನೊಬ್ಬನಿದ್ದಿದ್ದರೆ ಇವರು ಇಷ್ಟು ಧೈರ್ಯದಿಂದ ನಿಲ್ಲುತ್ತಿದ್ದರೆ? ದೂರದ ಹೆದರಿಕೆಯೇ ಇಲ್ಲವಾಯಿತು" ಎಂದು ಮಗನು ಹಲುಬಿದನು. ತಂದೆಯು ತಲೆಯಾಡಿಸಿ, "ಕಾಲೂರಲು ನೆಲವಿದ್ದರೆ ತಾನೆ ಎಸೆಯುವುದು?" ಎಂದನು.

ಪಂದ್ಯವು ಕೈಬಿಟ್ಟು ಎಷ್ಟೋ ಹೊತ್ತಾದ ಮೇಲೆ, ಮುಗಿಯಲು ಎರಡು ನಿಮಿಷವೂ ಉಳಿಯದಿದ್ದಾಗ, ಮಹೋಮ್ಸನು ಝೇವಿಯರ್ ವರ್ದಿ ಎಂಬ ಹುಡುಗನಿಗೆ ದೂರಕ್ಕೆ ಎಸೆದನು. 50 ಗಜದ ಟಚ್‌ಡೌನ್. ಸೋಲು 40ಕ್ಕೆ 22 ಆಗುವುದಕ್ಕಷ್ಟೇ ಅದು ಉಪಯೋಗವಾಯಿತು. ಮಗನು ಅಭ್ಯಾಸಬಲದಿಂದ ಎದ್ದು ನಿಂತನು. ಮೊಮ್ಮಗನು ಕಾರಣ ತಿಳಿಯದೆ ಚಪ್ಪಾಳೆ ತಟ್ಟಿದನು. ತಂದೆಯ ಕಣ್ಣು ಇನ್ನೂ ಚಿತ್ರದ ಎಡಮೂಲೆಯಲ್ಲಿಯೇ ನೆಟ್ಟಿದ್ದಿತು.

"ಏನು, ಹಿಡಿದನೆ?" ಎಂದು ಕೇಳಿದನು.