ಆಕಾಶದಲ್ಲಿ ಒಂದು ಪರೀಕ್ಷೆ

ಮಾರ್ಚ್ ಬಂತೆಂದರೆ ರಾಜಾಜಿನಗರದಿಂದ ಕೆಂಗೇರಿಯವರೆಗೆ ಮನೆಮನೆಯಲ್ಲೂ ಪರೀಕ್ಷೆಯದೇ ಮಾತು. ಟಿ.ವಿ.ಗೆ ರಜೆ, ಅಮ್ಮನಿಗೆ ಜಾಗರಣೆ. 2009ರ ಮಾರ್ಚ್ 6ರ ಶುಕ್ರವಾರ ಮಧ್ಯಾಹ್ನ ಆಕಾಶದಲ್ಲೂ ಒಂದು ಪರೀಕ್ಷೆ ನಡೆದಿತ್ತು. ಅದಕ್ಕೆ ಕುಳಿತವರು ವಾಯುಪಡೆಯ ಮೂವರು: ಪೈಲಟ್‌ಗಳಾದ ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಷಾ ಮತ್ತು ಎಂಜಿನಿಯರ್ ಸ್ಕ್ವಾಡ್ರನ್ ಲೀಡರ್ ಇಳಯರಾಜ.

ವಿಮಾನದ ಹೆಸರು ‘ಸಾರಸ್’. ಬೆಂಗಳೂರಿನ ಎನ್‌ಎಎಲ್ ಸಂಸ್ಥೆ ರೂಪಿಸಿದ, ಹದಿನಾಲ್ಕು ಆಸನಗಳ ಪುಟ್ಟ ವಿಮಾನ. ಎರಡು ಎಂಜಿನ್‌ಗಳೂ ಹಿಂಭಾಗದಲ್ಲಿ. 2004ರ ಮೇನಲ್ಲಿ ಇದರ ಮೊದಲ ಮಾದರಿ ಹಾರಿತ್ತು. ಅಂದು ಎಚ್‌ಎಎಲ್ ನಿಲ್ದಾಣದಿಂದ ಮೇಲೆದ್ದದ್ದು ಎರಡನೆಯದು.

ಪ್ರಯಾಣಿಕರಿರುವಾಗ ಎಂಜಿನ್ ನಿಂತರೆ ಗತಿಯೇನು? ಆ ಪ್ರಶ್ನೆಗೆ ಪ್ರಯಾಣಿಕರು ಹತ್ತುವ ಮೊದಲೇ ಯಾರಾದರೂ ಉತ್ತರ ಕಂಡುಕೊಳ್ಳಬೇಕು. ಅದಕ್ಕಾಗಿ ಸುಮಾರು 9,000 ಅಡಿ ಎತ್ತರದಲ್ಲಿ ಒಂದು ಎಂಜಿನನ್ನು ಬೇಕೆಂದೇ ನಿಲ್ಲಿಸಿ, ಮತ್ತೆ ಚಾಲೂ ಮಾಡುವುದು ಅಂದಿನ ಕೆಲಸ. ಮೊದಲ ಯತ್ನ ಫಲಿಸಲಿಲ್ಲ. ಮತ್ತೆ ಯತ್ನಿಸಿದರು. ವಿಮಾನ ಹಿಡಿತ ತಪ್ಪಿ ವೇಗವಾಗಿ ಕೆಳಗಿಳಿಯಿತು. ಕೆಂಗೇರಿಯಾಚೆ, ಬಿಡದಿ ಸಮೀಪದ ಶೇಷಗಿರಿಹಳ್ಳಿಯಲ್ಲಿ ನೆಲಕ್ಕಪ್ಪಳಿಸಿತು. ಮೂವರೂ ಉಳಿಯಲಿಲ್ಲ.

ನಿಂತ ಎಂಜಿನ್ನಿನ ಪ್ರೊಪೆಲ್ಲರ್ ಸುಮ್ಮನಿರುವ ವಸ್ತುವಲ್ಲ. ಅದರ ಅಲಗುಗಳು ಗಾಳಿಗೆ ಅಡ್ಡವಾದರೆ ಸಾಕು, ವಿಮಾನವನ್ನೇ ಹಿಂದಕ್ಕೆ ಜಗ್ಗುತ್ತವೆ. ಎಂಜಿನ್ ಮತ್ತೆ ಚಾಲೂ ಮಾಡುವ ವಿಧಾನವನ್ನು ಪ್ರೊಪೆಲ್ಲರ್ ತಯಾರಕರನ್ನು ಕೇಳದೆಯೇ ರೂಪಿಸಲಾಗಿತ್ತು. ಆ ವಿಧಾನವೇ ತಪ್ಪಾಗಿತ್ತು ಎಂದಿತು ತನಿಖೆ. ಯತ್ನಕ್ಕೆ ಆ ಎತ್ತರವೂ ಸಾಲದಾಗಿತ್ತು. ವಿಮಾನದೊಳಗಿನ ಹೊಂದಾಣಿಕೆಯಲ್ಲೂ ಕೊರತೆ ಕಂಡುಬಂತು. ಮೊದಲ ಯತ್ನ ವಿಫಲವಾದ ಮೇಲೆ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿ ಹಿಂತಿರುಗಬೇಕಿತ್ತು ಎಂಬುದು ವರದಿಯ ಇನ್ನೊಂದು ಮಾತು.

ಈ ಮಾತು ಕೊಂಚ ಮುಳ್ಳಿನಂತೆ ಚುಚ್ಚುತ್ತದೆ. ‘ಬಿಡಬೇಡ, ಇನ್ನೊಮ್ಮೆ ಮಾಡು’ ಎಂದು ತಾನೇ ಮಕ್ಕಳಿಗೆ ನಾವೆಲ್ಲ ಹೇಳಿಕೊಟ್ಟಿರುವುದು? ಮಾತೇನೋ ಸುಳ್ಳಲ್ಲ. ಆದರೆ ಅದರ ಉಳಿದರ್ಧವನ್ನು ಹೇಳಲು ಮರೆಯುತ್ತೇವೆ. ಇನ್ನೊಮ್ಮೆ ಮಾಡುವ ಮೊದಲು ಕೆಳಗಿಳಿದು ಬಾ, ಎಲ್ಲಿ ತಪ್ಪಿತೆಂದು ನೋಡು, ಗೊತ್ತಿದ್ದವರನ್ನು ಕೇಳು. ಕೇಳುವುದರಿಂದ ಯಾರೂ ಚಿಕ್ಕವರಾಗುವುದಿಲ್ಲ.

ಸಾರಸ್ ಕೂಡ ಹೀಗೇ ಮರಳಿತು. ವರ್ಷಗಟ್ಟಲೆ ನೆಲದ ಮೇಲಿದ್ದು, ತಿದ್ದಿಸಿಕೊಂಡು, 2018ರ ಜನವರಿ 24ರಂದು ಅದರ ಮೊದಲ ಮಾದರಿ ಮತ್ತೆ ಬೆಂಗಳೂರಿನ ಮೇಲೆ ಹಾರಿತು. ವಿಮಾನಕ್ಕೆ ಎರಡನೆಯ ಅವಕಾಶ ಸಿಕ್ಕಿತು. ಆ ಮೂವರಿಗೆ ಸಿಗಲಿಲ್ಲ.

ನಿಮ್ಮ ಮನೆಯ ಪರೀಕ್ಷೆಯ ಫಲಿತಾಂಶವೂ ಒಂದು ದಿನ ಬರುತ್ತದೆ. ಅಂಕ ಕಡಿಮೆಯಾಗಿ ಮಗನೋ ಮಗಳೋ ತಲೆತಗ್ಗಿಸಿ ಬಾಗಿಲಲ್ಲಿ ನಿಂತರೆ, ಅಂಕಪಟ್ಟಿ ಕೇಳುವ ಮೊದಲು ಒಳಗೆ ಕರೆಯಿರಿ. ಮಗು ಮನೆಗೆ ಬಂದಿದೆ. ಉಳಿದದ್ದನ್ನು ನಿಧಾನವಾಗಿ ನೋಡಬಹುದು.